ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಬೆಂಚ್ ನಂಬಿ ಐದು ಜನಕ್ಕೆ ಸೀಸನ್ ಟಿಕೆಟ್ ತೆಗೆಯಬಹುದಾ?

ಬೇಡ. ಗೆಳೆಯರ ಟಿಕೆಟ್‌ಗೆ ನಿಮ್ಮ ದುಡ್ಡು ಹಾಕಬೇಡಿ. ಮಿಕ್ಕ ಮಾತು ಆಮೇಲೆ.

"ಹನ್ನೊಂದು ಜನ ಗಟ್ಟಿ ಇದ್ದಾರೆ, ಬೆಂಚ್ ಮೇಲೆ ಪ್ರತಿ ಜಾಗಕ್ಕೂ ಬದಲಿಗೆ ಇನ್ನೊಬ್ಬ ಇದ್ದಾನೆ, ಈ ಸಲ ಆಸೆ ಇಟ್ಟುಕೊಳ್ಳಬಹುದಲ್ವಾ, ಐದು ಜನಕ್ಕೂ ನಾನೇ ಸೀಸನ್ ಟಿಕೆಟ್ ತೆಗೆದುಬಿಡಲಾ" ಅಂತ ಸಾಗರದಿಂದ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು. 2019ರ ಮಳೆಗಾಲದಲ್ಲಿ ನಾನೂ ಹೀಗೇ ಆಟಗಾರರ ಪಟ್ಟಿ ಹಿಡಿದು ಕೂತಿದ್ದೆ. ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಮುಂದೆ ಹೋಗಲು ಆಗಲಿಲ್ಲ.

ಆ ವರ್ಷ ಮಾರ್ಚ್ 17ಕ್ಕೆ ಮುಂಬೈಯಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್. ಎದುರಿಗೆ ಗೋವಾ. ತೊಂಬತ್ತು ನಿಮಿಷ ಗೋಲೇ ಇಲ್ಲ. ಎಕ್ಸ್‌ಟ್ರಾ ಟೈಮ್ ಕೂಡ ಮುಗಿಯುತ್ತಾ ಬಂದಿತ್ತು. 117ನೇ ನಿಮಿಷದಲ್ಲಿ ಒಂದು ಕಾರ್ನರ್, ರಾಹುಲ್ ಭೇಕೆಯ ಹೆಡರ್, ಕಪ್ ನಮ್ಮದು. ಹಿಂದಿನ ವರ್ಷ ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿದ್ದೂ ನಮ್ಮದೇ ಕಂಠೀರವ ಮೈದಾನದಲ್ಲೇ ಚೆನ್ನೈಯಿನ್‌ಗೆ 3–2ರಲ್ಲಿ ಫೈನಲ್ ಸೋತಿದ್ದೆವು. ಆ ನೋವು ಒಂದು ಹೆಡರ್‌ಗೆ ಹೋಯಿತು. ಮನೆಯವರೆಲ್ಲ ಮಲಗಿದ್ದರು. ನಾನು ಜಗಲಿಯಲ್ಲಿ ಒಬ್ಬನೇ ಕುಣಿದೆ.

ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆ ಫುಟ್‌ಬಾಲ್ ರಜೆ ಅಂದರೆ ಮಳೆಗಾಲ, ನಿಮಗೂ ಗೊತ್ತು. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಅಡಿಕೆಗೆ ಕೊಳೆ ಔಷಧಿ ಹೊಡೆಸುವುದು, ಮಿಕ್ಕ ಹೊತ್ತು ಕರೆಂಟಿಗೆ ಕಾಯುವುದು. ಮನೆ ಹಿಂದಿನ ದಿಬ್ಬ ಹತ್ತಿದರೆ ಸಿಗ್ನಲ್ ಸಿಗುತ್ತಿತ್ತು. ಕೊಡೆ ಹಿಡಿದು ಅಲ್ಲಿ ನಿಂತು ಯಾರು ಬಂದರು, ಯಾರು ಹೋದರು ಅಂತ ಓದುತ್ತಿದ್ದೆ. ನಮ್ಮ ಸ್ಟ್ರೈಕರ್ ಮಿಕು ತಂಡ ಬಿಟ್ಟು ಹೋದ ಅಂತ ಸುದ್ದಿ ಬಂತು. 2017–18ರ ಐಎಸ್‌ಎಲ್‌ನಲ್ಲಿ 15 ಗೋಲು ಹೊಡೆದವನು. ನಮ್ಮ ನಾಯಕ ಛೆಟ್ರಿಗಿಂತ ಒಂದು ಜಾಸ್ತಿ. ಗೆಳೆಯರೆಲ್ಲ ಮುಖ ಸಣ್ಣ ಮಾಡಿಕೊಂಡರು. ನಾನು ಮಾತ್ರ ಧೈರ್ಯವಾಗಿದ್ದೆ. ಆ ಧೈರ್ಯಕ್ಕೆ ನನ್ನ ಹತ್ತಿರ ಕಾರಣವೂ ಇತ್ತು. ತಪ್ಪಾಗಿದ್ದೇ ಅಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಪಟ್ಟಿಯಲ್ಲೂ ಅದೇ ಇದೆ ಅಂತ ನನಗೆ ಅನುಮಾನ.

ಮಿಕು ಇದ್ದಾಗ ಮುಂದಿನ ಸಾಲಿನ ನಡುವೆ ಅವನು, ಎಡಗಡೆಯಿಂದ ಛೆಟ್ರಿ, ಬಲಗಡೆಯಿಂದ ಉದಾಂತ. ಕಪ್ ಗೆದ್ದ ಸೀಸನ್‌ನಲ್ಲಿ ಮಿಕು ಗಾಯವಾಗಿ ಕೆಲವು ವಾರ ಹೊರಗಿದ್ದ. ಛೆಟ್ರಿ ನಡುವಿಗೆ ಬಂದ. ತಂಡ ಗೆಲ್ಲುತ್ತಲೇ ಇತ್ತು. ಅದನ್ನು ನೋಡಿ ನಾನು "ಮಿಕು ಇಲ್ಲದೆಯೂ ನಡೆಯುತ್ತೆ, ಬೆಂಚ್ ಗಟ್ಟಿ ಇದೆ" ಅಂತ ತೀರ್ಮಾನ ಮಾಡಿಬಿಟ್ಟೆ. ಆದರೆ ಆಗ ಮಿಕು ವಾಪಸ್ ಬರುವವನಿದ್ದ. ಛೆಟ್ರಿ ಕೆಲವು ವಾರಕ್ಕೆ ಮಾತ್ರ ಆ ಜಾಗ ನೋಡಿಕೊಂಡಿದ್ದ. ಈಗ ಅದು ಇಡೀ ವರ್ಷದ ಕೆಲಸ. ಕೆಲವು ವಾರ ಸುಧಾರಿಸಿಕೊಂಡು ಹೋಗುವುದು ಬೇರೆ, ವರ್ಷವಿಡೀ ನಡೆಸುವುದು ಬೇರೆ. ಈ ಎರಡನ್ನೂ ನಾನು ಒಂದೇ ಅಂದುಕೊಂಡೆ.

ಪಟ್ಟಿ ಹೀಗಿತ್ತು. ನಡುವೆ ಹೊಸದಾಗಿ ಬಂದ ಸ್ಪೇನಿನ ಮ್ಯಾನುಯೆಲ್ ಓನ್ವು, ಅವನಿಲ್ಲದಿದ್ದರೆ ಛೆಟ್ರಿ. ಎಡಗಡೆ ಛೆಟ್ರಿ, ಅವನಿಲ್ಲದಿದ್ದರೆ ಆಶಿಕ್. ಬಲಗಡೆ ಉದಾಂತ, ಅವನಿಲ್ಲದಿದ್ದರೆ ಮತ್ತೆ ಆಶಿಕ್. ಓದಿದರೆ ಮೂರು ಜಾಗಕ್ಕೆ ಆರು ಹೆಸರು. ಎಣಿಸಿ ನೋಡಿ, ಇರುವುದು ನಾಲ್ಕು ಜನ. ಓನ್ವುಗೆ ಗಾಯವಾದರೆ ಛೆಟ್ರಿ ನಡುವೆ ಬರಬೇಕು. ಎಡಗಡೆ ಖಾಲಿ, ಆಶಿಕ್ ಅಲ್ಲಿಗೆ. ಈಗ ಉದಾಂತನ ಆಟ ಕೂಡದಿದ್ದರೆ ಬಲಗಡೆಗೆ ಯಾರು? ಪಟ್ಟಿಯಲ್ಲಿ ಉತ್ತರವೇ ಇಲ್ಲ. ಒಬ್ಬ ಗಾಯಗೊಂಡರೆ ಒಂದು ಜಾಗ ಮಾತ್ರ ತೊಂದರೆಗೆ ಬೀಳುವುದಿಲ್ಲ, ಮೂರೂ ಜಾಗ ಅಲುಗಾಡುತ್ತವೆ. ಮುಂದಿನ ಸಾಲಿನ ಹಿಂದೆ, ಮಿಡ್‌ಫೀಲ್ಡ್‌ನಲ್ಲೂ ಇದೇ ಕಥೆ. ರಾಫೆಲ್ ಅಗಸ್ಟೊ ಹೆಸರನ್ನು ಎರಡು ಕಡೆ ಬರೆದಿದ್ದೆ. ಹಿಂದಿನ ವರ್ಷ ಹೆಚ್ಚು ಆಡದ ಹುಡುಗರ ಹೆಸರು ಬರೆದೇ ಇರಲಿಲ್ಲ. ಬರೆದಿದ್ದರೆ "ಇವನು ಎಷ್ಟು ನಿಮಿಷ ಆಡಿದ್ದಾನೆ" ಅಂತ ಯೋಚಿಸಬೇಕಾಗುತ್ತಿತ್ತು. ಆಗಲೇ ಗೊತ್ತಾಗುತ್ತಿತ್ತು.

ಆ ಪಟ್ಟಿ ತೋರಿಸಿ ಗೆಳೆಯರನ್ನೂ ಚಿಕ್ಕಪ್ಪನ ಮಗನನ್ನೂ ಒಪ್ಪಿಸಿದೆ. "ಕಂಠೀರವದಲ್ಲಿ ಈ ವರ್ಷ ಒಂದೂ ಸೋಲಲ್ಲ ಕಣ್ರೋ, ದುಡ್ಡು ಆಮೇಲೆ ಕೊಡಿ" ಅಂದೆ. ಎಲ್ಲರ ಟಿಕೆಟ್ ನಾನೇ ತೆಗೆದೆ. ಅಡಿಕೆ ಮಾರಿದ ದುಡ್ಡು ಕೈಯಲ್ಲಿತ್ತು.

ಅಕ್ಟೋಬರ್‌ನಲ್ಲಿ ಮೊದಲ ಪಂದ್ಯ, ನಾರ್ತ್ ಈಸ್ಟ್ ಎದುರು. 0–0. ಮೊದಲ ಮೂರೂ ಪಂದ್ಯ ಡ್ರಾ. ಓನ್ವು ಗಾಯದಿಂದ ಒದ್ದಾಡಿದ. ಜನವರಿಯಲ್ಲಿ ಅವನನ್ನು ಒಡಿಶಾ ತಂಡಕ್ಕೆ ಲೋನ್ (ಎರವಲು) ಕೊಟ್ಟರು. ಅಲ್ಲಿ ಕೇರಳದ ಎದುರಿನ 4–4 ಪಂದ್ಯದಲ್ಲಿ ಹ್ಯಾಟ್ರಿಕ್ ಹೊಡೆದ. ಅಂದರೆ ಆಟಗಾರ ಕೆಟ್ಟವನಲ್ಲ, ಅವನಿಲ್ಲದಾಗ ಏನು ಅಂತ ನಾನು ಯೋಚಿಸಿರಲಿಲ್ಲ. ಲೀಗ್ ಮುಗಿದಾಗ 18 ಪಂದ್ಯಕ್ಕೆ ನಮ್ಮದು 22 ಗೋಲು. ಗೋವಾದ್ದು 46. ನಾವು ಮೂರನೇ ಸ್ಥಾನಕ್ಕೆ ಬಂದಿದ್ದೇ ಗೋಲ್‌ಕೀಪರ್ ಗುರ್‌ಪ್ರೀತ್ ಮತ್ತು ಹಿಂದಿನ ಸಾಲು ಗೋಲು ಬಿಡದೆ ಕಾದಿದ್ದರಿಂದ. 13 ಗೋಲು ಮಾತ್ರ ಬಿಟ್ಟಿದ್ದರು. ಮುಂದೆ ಛೆಟ್ರಿ ಒಬ್ಬನೇ 9 ಹೊಡೆದ. ಅವನಿಗಾಗ 35 ವರ್ಷ.

ಗೆಳೆಯರು ಎಷ್ಟು ದಿನ ಬರುತ್ತಾರೆ? ರಾತ್ರಿಯಿಡೀ ಬಸ್ಸು, ಗೋಲಿಲ್ಲದ ಪಂದ್ಯ, ಮತ್ತೆ ರಾತ್ರಿಯಿಡೀ ಬಸ್ಸು. ಒಬ್ಬೊಬ್ಬರೇ ಬಿಟ್ಟರು. ಬಾರದ ಪಂದ್ಯಕ್ಕೆ ದುಡ್ಡು ಯಾಕೆ ಅಂದರು. ನಾನೂ ಒತ್ತಾಯ ಮಾಡಲಿಲ್ಲ, ಕರೆದಿದ್ದು ನಾನೇ ತಾನೇ. ಚಿಕ್ಕಪ್ಪನ ಮಗ ಮಾತ್ರ ಜಗಳ ಆಡಿದ. "ನೀನು ಗೆಲ್ತಾರೆ ಅಂತ ಬರೆದು ಕೊಟ್ಟಿದ್ದೆ" ಅಂದ. ಆಮೇಲೆ ಅವನ ಜೊತೆ ಫುಟ್‌ಬಾಲ್ ಮಾತೇ ಇಲ್ಲ.

ಡಿಸೆಂಬರ್ 15, ಭಾನುವಾರ, ಮುಂಬೈ ಎದುರು ಕಂಠೀರವದಲ್ಲಿ ಪಂದ್ಯ. ಅದೇ ದಿನ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ನಮ್ಮ ತೋಟಕ್ಕೆ ಬರುತ್ತೇನೆ ಅಂದಿದ್ದ. ಟಿಕೆಟ್ ದುಡ್ಡು ಆಗಲೇ ಹೋಗಿದೆ, ಪಂದ್ಯ ಬಿಟ್ಟರೆ ಅದೂ ದಂಡ ಅಂತ ಲೆಕ್ಕ ಹಾಕಿ, "ಎರಡು ದಿನ ಬಿಟ್ಟು ಬಾ ಮಾರಾಯ" ಅಂದೆ. ಅವನು ಬೇರೆ ತೋಟ ಹಿಡಿದ. ಐಎಸ್‌ಎಲ್ ಮತ್ತು ಅಡಿಕೆ ಕೊಯ್ಲು ಎರಡೂ ಒಟ್ಟಿಗೆ ಬರುತ್ತವೆ, ನಮ್ಮಂಥವರಿಗೆ ಇದೊಂದು ದೊಡ್ಡ ಕಷ್ಟ. ಪಂದ್ಯ 3–2ರಲ್ಲಿ ಸೋತೆವು, ಮುಂಬೈಯ ಗೆಲುವಿನ ಗೋಲು ಕೊನೇ ಗಳಿಗೆಯಲ್ಲಿ. ಕೊನೆಗೌಡ ಮತ್ತೆ ನಮ್ಮ ತೋಟಕ್ಕೆ ಬರುವಷ್ಟರಲ್ಲಿ ಹೊಸ ವರ್ಷ ಬಂದಿತ್ತು. ಬೇಯಿಸಿ ಕೆಂಪಡಿಕೆ ಮಾಡಬೇಕಿದ್ದ ಕಾಯಿ ಎಷ್ಟೋ ಮರದಲ್ಲೇ ಹಣ್ಣಾಗಿತ್ತು. ಅದನ್ನು ಒಣಗಿಸಿ ಗೋಟು ಮಾಡಿ ಮಾರಬೇಕಾಯಿತು. ಅಪ್ಪಯ್ಯ ಬೈಯಲಿಲ್ಲ. "ಇನ್ನೊಬ್ಬನಿಗೂ ಹೇಳಿಟ್ಟಿರಲಿಲ್ವನಾ?" ಅಂತ ಕೇಳಿದರು, ಅಷ್ಟೇ. ತೋಟದಲ್ಲೂ ನಾನು ಪಟ್ಟಿಯಲ್ಲಿ ಮಾಡಿದ್ದನ್ನೇ ಮಾಡಿದ್ದೆ.

ಮಾರ್ಚ್‌ನಲ್ಲಿ ಸೆಮಿಫೈನಲ್, ಕೋಲ್ಕತ್ತದ ಎಟಿಕೆ ಎದುರು. ಕಂಠೀರವದಲ್ಲಿ ಜನವರಿಯಲ್ಲಿ ಬಂದ ಡೆಶಾರ್ನ್ ಬ್ರೌನ್ ಹೊಡೆದ ಗೋಲಿನಿಂದ 1–0 ಗೆದ್ದೆವು. ಕೋಲ್ಕತ್ತದಲ್ಲಿ ಆಶಿಕ್ ಶುರುವಿನಲ್ಲೇ ಹೊಡೆದ, ಎರಡೂ ಪಂದ್ಯ ಸೇರಿ ನಾವು ಎರಡು ಗೋಲು ಮುಂದೆ. ಆಮೇಲೆ ಎಟಿಕೆಯ ರಾಯ್ ಕೃಷ್ಣ ಒಂದು, ಡೇವಿಡ್ ವಿಲಿಯಮ್ಸ್ ಎರಡು. ಮುಗಿಯಿತು. (ಅದೇ ರಾಯ್ ಕೃಷ್ಣ 2022ರಲ್ಲಿ ನಮ್ಮ ತಂಡಕ್ಕೆ ಬಂದಾಗ ಅವನನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ದಿನ ಬೇಕಾಯಿತು.)

ಈಗ ನಿಮ್ಮ ಪಟ್ಟಿಗೆ ಬರೋಣ. ಎರಡು ಸಲ ಬಂದ ಹೆಸರನ್ನೆಲ್ಲ ಒಂದು ಕಡೆ ಹೊಡೆದುಹಾಕಿ. ಉಳಿದದ್ದು ಬೆಂಚ್. ಅದರಲ್ಲಿ ವಿದೇಶಿ ಹೆಸರು ಎಷ್ಟಿದ್ದರೂ ಹೆಚ್ಚು ಖುಷಿ ಪಡಬೇಡಿ. 2019ರಲ್ಲಿ ಅಂಗಳದಲ್ಲಿ ಐವರು ವಿದೇಶಿಯರು ಆಡಬಹುದಿತ್ತು. 2021–22ರಿಂದ ಅದು ನಾಲ್ಕಕ್ಕೆ ಇಳಿಯಿತು. ಅಂದರೆ ಕನಿಷ್ಠ ಏಳು ಜನ ನಮ್ಮವರೇ. ಅದರ ಜೊತೆಗೆ ಬದಲಿ ಆಟಗಾರರು ಮೂವರಿಂದ ಐವರಾದರು. ಹಾಗಾಗಿ ಕೊನೆಯ ಅರ್ಧ ಗಂಟೆ ಆಡುವುದು ಹೆಚ್ಚಾಗಿ ನಮ್ಮ ಹುಡುಗರೇ. ಹೊಸ ವಿದೇಶಿ ಸ್ಟ್ರೈಕರ್‌ನ ಗೋಲುಗಳ ವೀಡಿಯೊ ನೋಡುತ್ತಾ ಕೂರುವುದು ದಂಡ ಅಂತಲೇ ನನ್ನ ಅಭಿಪ್ರಾಯ. ವೀಡಿಯೊದಲ್ಲಿ ಯಾರೂ ಗೋಲು ತಪ್ಪಿಸುವುದಿಲ್ಲ. ಹಿಂದಿನ ಸೀಸನ್‌ನಲ್ಲಿ ಇಪ್ಪತ್ತು, ಇಪ್ಪತ್ತೊಂದರ ಹುಡುಗರು ಎಷ್ಟು ನಿಮಿಷ ಆಡಿದರು ಅಂತ ನೋಡಿ.

ಯಾವ ಹುಡುಗ ತಯಾರಾಗಿದ್ದಾನೆ ಅನ್ನುವುದು ಮುಂಚೆಯೇ ಕಾಣಿಸುತ್ತದೆ, ನೋಡುವವರು ಬೇಕು ಅಷ್ಟೇ. 2021ರ ಡುರಾಂಡ್ ಕಪ್‌ಗೆ (ಐಎಸ್‌ಎಲ್‌ಗಿಂತ ಮುಂಚೆ ನಡೆಯುವ ಟೂರ್ನಿ) ನಮ್ಮವರು ಹೆಚ್ಚಾಗಿ ಹುಡುಗರನ್ನೇ ಕಳಿಸಿದ್ದರು. ಸೆಮಿಫೈನಲ್‌ನಲ್ಲಿ ಗೋವಾಗೆ ಪೆನಾಲ್ಟಿಯಲ್ಲಿ ಸೋತರು. ಆ ಪಂದ್ಯದಲ್ಲಿ ಶಿವಶಕ್ತಿ ಅನ್ನುವ ಹುಡುಗ ಗೋಲು ಹೊಡೆದ. ಯಾರೂ ಅಷ್ಟು ಗಮನ ಕೊಡಲಿಲ್ಲ. ಮುಂದಿನ ವರ್ಷ ಅದೇ ಡುರಾಂಡ್ ಫೈನಲ್‌ನಲ್ಲಿ ಮುಂಬೈ ಎದುರು ಮೊದಲ ಗೋಲು ಅವನದೇ, ಕಪ್ ನಮ್ಮದಾಯಿತು. 2022–23ರ ಲೀಗ್‌ನಲ್ಲಿ ಅವನೂ ರಾಯ್ ಕೃಷ್ಣನೂ ಮುಂದೆ ಆಡಿದರು. ಛೆಟ್ರಿ ಬೆಂಚ್ ಮೇಲೆ! ಲೀಗ್‌ನ ಕೊನೆಗೆ ಸತತ ಎಂಟು ಗೆಲುವು. ಪ್ಲೇಆಫ್‌ನಲ್ಲಿ ಕೇರಳದ ಎದುರು ದೊಡ್ಡ ಜಗಳಕ್ಕೆ ಕಾರಣವಾದ ಫ್ರೀಕಿಕ್ ಹೊಡೆದಾಗ ಛೆಟ್ರಿ ಬದಲಿ ಆಟಗಾರನಾಗಿ ಬಂದಿದ್ದ. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಮುಂಬೈ ಎದುರು ಹೆಡರ್ ಹೊಡೆದಾಗಲೂ ಹಾಗೇ. ಫೈನಲ್ ಶುರುವಾಗಿ ಕೆಲವೇ ನಿಮಿಷಕ್ಕೆ ಶಿವಶಕ್ತಿಗೆ ಗಾಯವಾಯಿತು, ಒಳಗೆ ಬಂದವನು ಛೆಟ್ರಿ. ಪೆನಾಲ್ಟಿಯಲ್ಲಿ ಸೋತೆವು, ನಿಜ. ಆದರೆ ಬೆಂಚ್ ಗಟ್ಟಿ ಇದೆ ಅಂತ ಹೇಳುವುದಾದರೆ ನಾನು ಆ ತಂಡಕ್ಕೆ ಹೇಳುತ್ತೇನೆ. 2019ರ ತಂಡಕ್ಕೆ ಅಲ್ಲ.

ಇನ್ನೊಂದು ಮಾತು. "ಬೆಂಚ್ ಗಟ್ಟಿ ಇದ್ದರೆ ಆಸೆ ಇಟ್ಟುಕೊಳ್ಳಬಹುದಾ" ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. 2023ರಲ್ಲಿ ರಾಯ್ ಕೃಷ್ಣ, ಝಿಂಗನ್, ಉದಾಂತ ಎಲ್ಲ ಹೋದರು. 2023–24ರಲ್ಲಿ ಹತ್ತನೇ ಸ್ಥಾನ. ಅದರ ಮುಂದಿನ ಮಳೆಗಾಲದಲ್ಲಿ ಆಸೆಗೆ ಕಾರಣವೇ ಇರಲಿಲ್ಲ. ಛೆಟ್ರಿಗೆ 40 ತುಂಬಿತ್ತು, ದೇಶದ ತಂಡಕ್ಕೆ ಆಡುವುದನ್ನೂ ಬಿಟ್ಟಿದ್ದ. ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ಎದುರು ವಿನೀತ್ ವೆಂಕಟೇಶ್ ಅನ್ನುವ ಹುಡುಗ ಒಂದು ಗೋಲು ಹೊಡೆದು ಗೆಲ್ಲಿಸಿದ. ಅಲ್ಲಿಂದ ಶುರುವಾಗಿದ್ದು ಮೂರನೇ ಸ್ಥಾನ, ಫೈನಲ್ ತನಕ ಹೋಯಿತು. ಛೆಟ್ರಿ 14 ಗೋಲು ಹೊಡೆದ. ಫೈನಲ್‌ನಲ್ಲಿ ಮೋಹನ್ ಬಗಾನ್‌ಗೆ ಎಕ್ಸ್‌ಟ್ರಾ ಟೈಮ್‌ನಲ್ಲಿ 2–1ರಲ್ಲಿ ಸೋತೆವು. 2025ರ ಮಳೆಗಾಲದಲ್ಲಂತೂ ಲೀಗನ್ನೇ ತಡೆಹಿಡಿದಿದ್ದಾರೆ ಅಂತ ಸುದ್ದಿ ಬಂತು, ಆಗಲೂ ನಾನು ಆಸೆ ಬಿಡಲಿಲ್ಲ. ನೀವು ಆಸೆ ಇಟ್ಟುಕೊಳ್ಳಿ, ಅದಕ್ಕೆ ಪಟ್ಟಿಯ ಅನುಮತಿ ಬೇಡ. ಪಟ್ಟಿ ಬರೆಯುವುದು ತಂಡ ಹೇಗಿದೆ ಅಂತ ತಿಳಿಯಲು. ನಾನು ಎರಡನ್ನೂ ಬೆರೆಸಿದೆ, ಆಮೇಲೆ ಅದರ ಮೇಲೆ ಬೇರೆಯವರ ಟಿಕೆಟ್ ತೆಗೆದೆ.

ಸೀಸನ್ ಟಿಕೆಟ್ ನಿಮಗೊಬ್ಬರಿಗೆ ತೆಗೆದುಕೊಳ್ಳಿ, ಅದೂ ನಮ್ಮ ತಂಡ ಡುರಾಂಡ್ ಆಡಿದರೆ ಅಲ್ಲಿ ಹುಡುಗರ ಆಟ ನೋಡಿದ ಮೇಲೆ. ಮಿಕ್ಕ ನಾಲ್ವರು ತಮ್ಮ ದುಡ್ಡಲ್ಲಿ ಒಂದೊಂದೇ ಪಂದ್ಯಕ್ಕೆ ಬರಲಿ. ಸೋತ ವಾರದ ಮುಂದಿನ ಪಂದ್ಯಕ್ಕೂ ಯಾರು ಹೊರಡುತ್ತಾರೋ ಅವರ ಜೊತೆ ಸೇರಿ ಮುಂದಿನ ವರ್ಷ ಯೋಚಿಸಿ. ನಿಮಗೆ ಸಾಗರಕ್ಕೆ ತಾಳಗುಪ್ಪದ ರಾತ್ರಿ ರೈಲಿದೆ, ಏಳೂವರೆಯ ಪಂದ್ಯ ಮುಗಿಸಿ ಆರಾಮಾಗಿ ಹಿಡಿಯಬಹುದು. ವೇಳಾಪಟ್ಟಿ ಬಂದ ಕೂಡಲೇ ನವೆಂಬರ್, ಡಿಸೆಂಬರ್‌ನ ಕಂಠೀರವ ಪಂದ್ಯಗಳನ್ನು ಗುರುತು ಮಾಡಿ ಮನೆಯಲ್ಲಿ ತೋರಿಸಿ. ಕೊಯ್ಲಿನ ದಿನ ಬಿದ್ದರೆ ಆ ಪಂದ್ಯ ಟಿವಿಯಲ್ಲೇ ನೋಡಿ.