ತಾರಸಿ ಮೇಲೊಂದು ಗ್ಯಾಲರಿ

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆ ತಾರಸಿ ಮೇಲೆ ಸಮಕಾಲೀನ ಕಲಾಕೃತಿಗಳಿಗೆ ಗ್ಯಾಲರಿ ಕಟ್ಟಿಸಬೇಕು. ಗಾಜಿನ ಚಾವಣಿ ಹಾಕಬಹುದೇ ಸಾರ್?

ಉತ್ತರ: ಹಾಕಬಹುದು, ಬರೀ ಗಾಜು ಮಾತ್ರ ಬೇಡ. ಇಟಲಿಯ ಟ್ಯೂರಿನ್‌ನಲ್ಲಿ ಫಿಯೆಟ್‌ನ ಹಳೇ ಲಿಂಗೊಟ್ಟೊ ಕಾರ್ಖಾನೆ ತಾರಸಿ ಮೇಲೆ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಒಂದು ಖಾಸಗಿ ಸಂಗ್ರಹಕ್ಕೆ ಉಕ್ಕಿನ ಪೆಟ್ಟಿಗೆಯಂಥ ಗ್ಯಾಲರಿ ಮಾಡಿದರು, 2002ರಲ್ಲಿ ತೆರೆಯಿತು, ಅಲ್ಲಿ ಮೇಲಿನ ಬೆಳಕು ಸೋಸಿಕೊಂಡೇ ಒಳಗೆ ಬರುತ್ತದೆ. ಉತ್ತರದ ಕಡೆಯಿಂದ ಬರುವ ಬೆಳಕಲ್ಲಿ ನೇರ ಬಿಸಿಲಿರಲ್ಲ, ಸೇಫ್ ಅಂತಾರೆ, ಅದು ಯುರೋಪಿನ ಮಾತು. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಇರುತ್ತಾನೆ, ಅಲ್ವಾ? ನೆರಳುಪಟ್ಟಿ ಬೇಕೇ ಬೇಕು. ಕೃತಿಯ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೀತಾರೆ; ಕಾಗದದ ಕೃತಿಗಳಿಗೆ 50 ಲಕ್ಸ್, ಎಣ್ಣೆಬಣ್ಣಕ್ಕೆ 200 ಲಕ್ಸ್ ದಾಟದಿರಲಿ. ಸೋರಿಕೆ, ಭಾರ ಎರಡನ್ನೂ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಮೊದಲೇ ತೋರಿಸಿ. ಕಲ್ಲಿನ ಶಿಲ್ಪಗಳಿದ್ದರೆ ಕೆಳಗೆ ಕಂಬ ಇರುವ ಕಡೆಯೇ ಇಡಿ.