ಉಜ್ಜಿ ಉಜ್ಜಿ ಸವೆದ ಹಲ್ಲು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಕೆಲಸದ ವಿವರ ಬದಲಿಸಿದೆ.)

ಬಂದವರಿಗೆ ಮೂವತ್ತೈದರ ಆಸುಪಾಸು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಲೆಕ್ಕಪತ್ರ ನೋಡುವ ಕೆಲಸ. ದಂತವೈದ್ಯರೇ ಕಳಿಸಿದ್ದರು. ಅವರ ಚೀಟಿಯಲ್ಲಿ ಇದ್ದದ್ದು: ಮೇಲಿನ ಕೋರೆಹಲ್ಲು ಮತ್ತು ಅದರ ಪಕ್ಕದ ಹಲ್ಲುಗಳ ಬುಡದಲ್ಲಿ ಬೆಣೆಯಾಕಾರದ ಸವೆತ, ಎಡಗಡೆ ಹೆಚ್ಚು, ಒಸಡು 2 ಮಿಲಿಮೀಟರ್ ಮೇಲೆ ಸರಿದಿದೆ, ಹಲ್ಲುಸಂದಿಯಲ್ಲಿ ಎರಡು ಹೊಸ ಹುಳುಕು, ದವಡೆಹಲ್ಲುಗಳ ತಲೆ ಚಪ್ಪಟೆಯಾಗಿದೆ. ಕೊನೆಗೆ ಒಂದು ಸಾಲು, ಅಭ್ಯಾಸ ಬದಲಾಗದಿದ್ದರೆ ಫಿಲ್ಲಿಂಗ್ ನಿಲ್ಲುವುದಿಲ್ಲ ಎಂದು.

“ಮೇಡಂ, ದಿನಕ್ಕೆ ನಾಲ್ಕು ಸಲ ಉಜ್ತೀನಿ. ಸಿಹಿತಿಂಡಿ ಮುಟ್ಟೋದೇ ಇಲ್ಲ. ಆದ್ರೂ ಹುಳುಕು ಅಂತಾರೆ. ಇನ್ನೇನು ಮಾಡ್ಲಿ ಹೇಳಿ?”

ಅವರು ಮಾಡುತ್ತಿದ್ದದ್ದೇ ಜಾಸ್ತಿಯಾಗಿತ್ತು. ಎಷ್ಟು, ಯಾವಾಗ ಎಂಬುದು ಮಾತ್ರ ಅವರಿಗೂ ತಿಳಿದಿರಲಿಲ್ಲ. ಹಾಗಾಗಿ ಮೊದಲ ವಾರ ಏನನ್ನೂ ಬದಲಿಸಬಾರದು, ಬರೀ ಬರೆದಿಡಬೇಕು ಎಂದು ಒಪ್ಪಂದವಾಯಿತು. ನೀರು ಬಿಟ್ಟು ಬಾಯಿಗೆ ಏನೇ ಹೋದರೂ ಶುರುವಾದ ಹೊತ್ತು, ಮುಗಿದ ಹೊತ್ತು, ಉಜ್ಜಿದ ಹೊತ್ತು, ಹಲ್ಲು ಕಚ್ಚಿ ಹಿಡಿದದ್ದು ಗಮನಕ್ಕೆ ಬಂದಾಗಲೆಲ್ಲ ಒಂದು ಗೆರೆ. ‘ಮುಗಿದ ಹೊತ್ತು’ ಬರೆಯಲು ಬಹಳ ಜನ ಮರೆಯುತ್ತಾರೆ. ಹಲ್ಲಿನ ವಿಷಯದಲ್ಲಿ ಮುಖ್ಯವಾದದ್ದು ಅದೇ.

ವಾರದ ನಂತರ ಬಂದ ಪುಸ್ತಕದಲ್ಲಿ ಒಂದು ದಿನ ಹೀಗಿತ್ತು: 6.10ಕ್ಕೆ ಬಿಸಿನೀರು, ನಿಂಬೆರಸ. 6.20ಕ್ಕೆ ಉಜ್ಜಿದ್ದು. 10.15ಕ್ಕೆ ಸಕ್ಕರೆ ಹಾಕಿದ ಟೀ, ಮುಗಿದದ್ದು 11.40ಕ್ಕೆ. ಊಟವಾದ ಕೂಡಲೇ ಮತ್ತೆ ಉಜ್ಜಿದ್ದು. ಮಧ್ಯಾಹ್ನದ ಟೀಗೂ ಒಂದು ಗಂಟೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಪೆಪ್ಪರ್‌ಮಿಂಟ್ 9’. ಸಿಹಿ ಮುಟ್ಟೋದಿಲ್ಲ ಎಂದಿದ್ದರಲ್ಲ ಎಂದು ಕೇಳಿದರೆ, “ಅದು ತಿಂಡಿ ಅಲ್ವಲ್ಲ ಮೇಡಂ, ಬಾಯಿ ವಾಸನೆಗೆ” ಎಂದರು.

ಹುಳುಕಿನ ಮೂಲ ಆ ಒಂಬತ್ತು ಪೆಪ್ಪರ್‌ಮಿಂಟು ಮತ್ತು ಗುಟುಕು ಗುಟುಕಾಗಿ ಎಳೆದ ಟೀ. ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಖನಿಜ ಕರಗತೊಡಗುತ್ತದೆ. ಜೊಲ್ಲು ಅದನ್ನು ಮತ್ತೆ ಸರಿದೂಗಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಒಂದು ಲೋಟ ಟೀಯನ್ನು ಹತ್ತು ನಿಮಿಷದಲ್ಲಿ ಕುಡಿದರೆ ಹಲ್ಲಿಗೆ ಒಂದು ಪೆಟ್ಟು. ಅದನ್ನೇ ಒಂದೂವರೆ ಗಂಟೆ ಎಳೆದರೆ ಜೊಲ್ಲಿಗೆ ಬಿಡುವೇ ಇಲ್ಲ. ಟೀ ಮುಗಿದ ಮೇಲೆ ಪೆಪ್ಪರ್‌ಮಿಂಟು, ಅದು ಕರಗಿದ ಮೇಲೆ ಇನ್ನೊಂದು. ಇವರ ಬಾಯಿ ಕೆಲಸದ ಹೊತ್ತಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಆಮ್ಲದಲ್ಲೇ ಇತ್ತು. ತಿಂದ ಸಕ್ಕರೆಯ ತೂಕ ಲೆಕ್ಕ ಹಾಕಿದರೆ ಏನೂ ಅಲ್ಲ ಅನ್ನಿಸುವಷ್ಟು.

ಸವೆತದ ಕಥೆ ಬೇರೆ. ನಿಂಬೆರಸದ ಪಿಎಚ್ ಸುಮಾರು 2ರಿಂದ 2.5. ನೀರಿಗೆ ಹಿಂಡಿದರೂ ಆ ಹುಳಿ ಎನಾಮೆಲ್‌ನ ಮೇಲ್ಪದರವನ್ನು ಮೆತ್ತಗೆ ಮಾಡಲು ಸಾಕು. ಹಾಗೆ ಮೆತ್ತಗಾದ ಹತ್ತೇ ನಿಮಿಷಕ್ಕೆ ಇವರು ಬ್ರಶ್ ಹಾಕುತ್ತಿದ್ದರು. ಅದೂ ಎಂಥ ಬ್ರಶ್! ತರಲು ಹೇಳಿದ್ದಕ್ಕೆ ತಂದಿದ್ದರು. ಮೂರೇ ವಾರದ್ದು, ಎಳೆಗಳೆಲ್ಲ ಎರಡೂ ಬದಿಗೆ ಮಲಗಿ ತಲೆಯ ಅಂಚು ದಾಟಿ ಹೊರಗೆ ಚಾಚಿದ್ದವು. ಮೇಜಿನ ಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಟ್ಟು, ಹಲ್ಲುಜ್ಜುವಾಗ ಒತ್ತುವಷ್ಟೇ ಒತ್ತಿ ಎಂದಾಗ 480 ಗ್ರಾಂ ತೋರಿಸಿತು. 150ರಲ್ಲಿ ನಿಲ್ಲಿಸಿ ಎಂದರೆ, “ಇದು ಉಜ್ಜಿದ ಹಾಗೇ ಇಲ್ಲ, ಸವರಿದ ಹಾಗಿದೆ” ಎಂದರು.

ಸವರುವಷ್ಟೇ ಬೇಕಾದದ್ದು. ದಿನನಿತ್ಯ ಕೂಡುವ ಪ್ಲಾಕ್ ಮೆತ್ತಗಿನ ಪದರ, ಮೃದು ಎಳೆಗೆ ಬಿಟ್ಟುಕೊಡುತ್ತದೆ. ಗಟ್ಟಿ ಕಟ್ಟಿದ ಟಾರ್ಟರ್ ಎಷ್ಟು ಒತ್ತಿದರೂ ಬಾರದು, ಅದು ವೈದ್ಯರ ಉಪಕರಣದ ಕೆಲಸ. ಎನಾಮೆಲ್ ಹಲ್ಲಿನ ತಲೆಯಲ್ಲಿ ದಪ್ಪ, ಬುಡಕ್ಕೆ ಬರುವಷ್ಟರಲ್ಲಿ ಕಾಗದದಷ್ಟು ತೆಳು. ಒಸಡು ಸರಿದರೆ ಅದೂ ಇಲ್ಲ, ಒಳಪದರವಾದ ಡೆಂಟಿನ್ ಬಯಲಾಗುತ್ತದೆ. ಡೆಂಟಿನ್ನಿನ ಸೂಕ್ಷ್ಮ ನಳಿಗೆಗಳಲ್ಲಿ ದ್ರವವಿದೆ, ತಣ್ಣನೆಯದು ತಾಗಿದರೆ ಅದು ಕದಲಿ ಒಳಗಿನ ನರ ಜುಮ್ಮೆನ್ನುತ್ತದೆ. ಕೋರೆಹಲ್ಲು ಸಾಲಿನ ತಿರುವಿನಲ್ಲಿ ಉಬ್ಬಿ ನಿಂತಿರುವುದರಿಂದ ಅಡ್ಡಡ್ಡ ಉಜ್ಜುವವರ ಪೂರ್ತಿ ಬಲ ಬೀಳುವುದು ಅಲ್ಲಿ. ಬಲಗೈಯವರಿಗೆ ಎಡಗಡೆ ಹೆಚ್ಚು.

ಕೊಟ್ಟ ಸಲಹೆ: ಎದ್ದ ಕೂಡಲೇ ಮೊದಲು ಹಲ್ಲುಜ್ಜುವುದು. ನಿಂಬೆನೀರು ಬೇಕೇ ಬೇಕೆಂದರೆ ಆಮೇಲೆ, ಒಂದೇ ಸಲಕ್ಕೆ ಕುಡಿದು ಬರೀ ನೀರಿನಲ್ಲಿ ಮುಕ್ಕಳಿಸುವುದು. ಬಿಟ್ಟರೆ ಇನ್ನೂ ಒಳ್ಳೆಯದು. ‘ಸಾಫ್ಟ್’ ಎಂದು ಬರೆದ ಬ್ರಶ್ಶನ್ನು ಮುಷ್ಟಿಯಲ್ಲಿ ಅಲ್ಲ, ಪೆನ್ನಿನಂತೆ ಬೆರಳಲ್ಲಿ ಹಿಡಿಯುವುದು. ಹಿಡಿತ ಬದಲಾದರೆ ಒತ್ತಡ ತಾನೇ ಇಳಿಯುತ್ತದೆ. ಎಳೆ ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿರಲಿ, ಎರಡೆರಡು ಹಲ್ಲಿಗೆ ಸಣ್ಣ ಸುತ್ತು, ಒಟ್ಟು ಎರಡು ನಿಮಿಷ, ದಿನಕ್ಕೆ ಎರಡೇ ಸಲ. ರಾತ್ರಿಯದ್ದನ್ನು ಮಾತ್ರ ತಪ್ಪಿಸುವಂತಿಲ್ಲ, ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆಯಾಗುತ್ತದೆ. ಪೇಸ್ಟು ಬಟಾಣಿ ಕಾಳಿನಷ್ಟು, ಫ್ಲೋರೈಡ್ 1000ರಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಇರುವಂಥದ್ದು. ಉಜ್ಜಿದ ಮೇಲೆ ನೊರೆ ಉಗುಳಿ ಸುಮ್ಮನಾಗಬೇಕು. ಇವರು ಆರೇಳು ಸಲ ಮುಕ್ಕಳಿಸಿ ಫ್ಲೋರೈಡನ್ನೆಲ್ಲ ತೊಳೆದು ಹಾಕುತ್ತಿದ್ದರು. ಜುಮ್ಮೆನ್ನುವುದಕ್ಕೆ ವೈದ್ಯರು ಬರೆದ ಪೊಟ್ಯಾಸಿಯಂ ನೈಟ್ರೇಟ್ ಪೇಸ್ಟು ಎರಡು ದಿನಕ್ಕೆ ಗುಣ ಕೊಡುವುದಿಲ್ಲ, ಬಿಡದೆ ಎರಡರಿಂದ ನಾಲ್ಕು ವಾರ ಹಚ್ಚಬೇಕು. ‘ಬಿಳುಪಿಗೆ’ ಎಂದು ವಾರಕ್ಕೊಮ್ಮೆ ಬಳಸುತ್ತಿದ್ದ ಇದ್ದಿಲು ಪುಡಿಯನ್ನು ಅವತ್ತೇ ಬಿಡಿಸಲಾಯಿತು.

ಇಷ್ಟು ಹೇಳುವುದು ಸುಲಭ. ನಾಲ್ಕನೇ ದಿನಕ್ಕೇ ಯೋಜನೆ ಮುರಿಯಿತು: ಮಧ್ಯಾಹ್ನ ಊಟವಾದ ಮೇಲೆ ‘ಬಾಯಿ ಕೊಳಕು’ ಅನ್ನಿಸಿ ತಡೆಯಲಾರದೆ ಉಜ್ಜಿಬಿಟ್ಟಿದ್ದರು. ತಪ್ಪು ಸಲಹೆಯದ್ದು. ಬಾಯಿ ವಾಸನೆಯ ಭಯವನ್ನು ಹಾಗೇ ಇಟ್ಟು, ಭಯ ತಣಿಸುವ ಎರಡು ದಾರಿಗಳನ್ನೂ, ಪೆಪ್ಪರ್‌ಮಿಂಟನ್ನೂ ಊಟದ ನಂತರ ಉಜ್ಜುವುದನ್ನೂ, ಒಟ್ಟಿಗೆ ಕಿತ್ತುಕೊಂಡಂತಾಗಿತ್ತು.

ಇಂಥಲ್ಲಿ ಒಂದನ್ನು ಮೊದಲು ವಿಚಾರಿಸಬೇಕು. ಉಜ್ಜುವಾಗ ಎಣಿಕೆ ಇದೆಯೇ, ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ ಶುರುವೇ, ಉಜ್ಜದಿದ್ದರೆ ಏನೋ ಕೆಡುಕಾಗುತ್ತದೆ ಅನ್ನಿಸುತ್ತದೆಯೇ? ಹೌದಾದರೆ ಅದು ಗೀಳಿನ ಕಾಯಿಲೆಯಿರಬಹುದು, ಮನೋವೈದ್ಯರಿಗೆ ಕಳಿಸಬೇಕು. ಇವರಲ್ಲಿ ಅದಿರಲಿಲ್ಲ. ವಾಸನೆ ಇದೆಯೇ ಎಂದು ಯಾರನ್ನೂ ಕೇಳಿದ್ದೂ ಇರಲಿಲ್ಲ. ನಂಬುವ ಒಬ್ಬರನ್ನು ಕೇಳಿ ಎಂದಾಗ ತಂಗಿಯನ್ನು ಕೇಳಿದರು. “ಇಲ್ಲ ಕಣೇ ಅಕ್ಕ” ಎಂದಳಂತೆ. ಬಾಯಿ ವಾಸನೆ ಬಹುಪಾಲು ಹುಟ್ಟುವುದು ನಾಲಿಗೆಯ ಹಿಂಭಾಗದ ಪದರದಲ್ಲಿ ಮತ್ತು ಹಲ್ಲುಸಂದಿಯಲ್ಲಿ, ಹಲ್ಲಿನ ಮುಂಭಾಗ ತಿಕ್ಕಿ ಪ್ರಯೋಜನವಿಲ್ಲ. ಹಾಗಾಗಿ ಬೆಳಗ್ಗೆ ಹಗುರವಾಗಿ ಎರಡು ಮೂರು ಎಳೆತ ನಾಲಿಗೆ ಹೆರೆಯುವುದು, ರಾತ್ರಿ ಹಲ್ಲುಸಂದಿಗೆ ಫ್ಲಾಸ್ ದಾರ. ಊಟದ ನಂತರ ನೀರು ಮುಕ್ಕಳಿಸಿ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಹತ್ತು ನಿಮಿಷ. ಅಗಿದರೆ ಜೊಲ್ಲು ಹೆಚ್ಚುತ್ತದೆ, ಆಮ್ಲ ಬೇಗ ಇಳಿಯುತ್ತದೆ. ದವಡೆ ನೋಯತೊಡಗಿದರೆ ಗಮ್ ನಿಲ್ಲಿಸಿ ನೀರಷ್ಟೇ. ಉಜ್ಜಲೇಬೇಕು ಅನ್ನಿಸಿದರೆ ‘ಬೇಡ’ ಎನ್ನದೆ ‘ಇಪ್ಪತ್ತು ನಿಮಿಷ ಬಿಟ್ಟು’ ಎಂದುಕೊಳ್ಳುವುದು. ಮೊದಲ ವಾರ ಎರಡು ದಿನ ಉಜ್ಜಿದರು, ಮೂರನೇ ವಾರ ಒಂದೂ ಇಲ್ಲ.

ದವಡೆಹಲ್ಲು ಚಪ್ಪಟೆಯಾಗಿಸುವ, ಹಲ್ಲು ಕಚ್ಚಿ ಹಿಡಿಯುವ ಅಭ್ಯಾಸಕ್ಕೆ ಬೇರೆ ಉಪಾಯ. ಅಗಿಯುವಾಗ, ನುಂಗುವಾಗ ಬಿಟ್ಟರೆ ಮೇಲಿನ ಕೆಳಗಿನ ಹಲ್ಲು ತಾಗಿರಬೇಕಿಲ್ಲ. ಸುಮ್ಮನಿದ್ದಾಗ ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರುವುದೇ ಸಹಜ. ಪರದೆಯ ಮೂಲೆಗೆ ಒಂದು ಹಳದಿ ಚುಕ್ಕೆ ಅಂಟಿಸಲಾಯಿತು. ಕಣ್ಣು ಅಲ್ಲಿ ಬಿದ್ದಾಗಲೆಲ್ಲ ತುಟಿ ಮುಚ್ಚಿ, ಹಲ್ಲು ಬಿಡಿಸಿ, ನಾಲಿಗೆಯ ತುದಿ ಮುಂದಿನ ಹಲ್ಲುಗಳ ಹಿಂದಿನ ಅಂಗುಳಕ್ಕೆ ತಾಗಿಸಿ, ಒಂದು ನಿಮಿಷ. ನಾಲಿಗೆ ಅಲ್ಲಿದ್ದಾಗ ಕಚ್ಚಿ ಹಿಡಿಯುವುದು ಕಷ್ಟ. ಎರಡು ವಾರಕ್ಕೊಮ್ಮೆ ಚುಕ್ಕೆಯ ಬಣ್ಣ, ಜಾಗ ಬದಲಿಸಬೇಕು, ಇಲ್ಲವಾದರೆ ಕಣ್ಣಿಗೆ ರೂಢಿಯಾಗಿ ಕಾಣಿಸುವುದೇ ಇಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವುದು ಈ ಅಭ್ಯಾಸದಿಂದ ನಿಲ್ಲದು, ಅದಕ್ಕೆ ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿಗೆ ತೊಡುವ ಕವಚ. ಪ್ಯಾಕೆಟ್ ಹರಿಯಲು ಹಲ್ಲು ಬಳಸದಿರಲೆಂದು ಮೇಜಿನ ಡ್ರಾದಲ್ಲಿ ಒಂದು ಕತ್ತರಿ.

ಯಾವುದಕ್ಕೆ ಕಾಯದೆ ವೈದ್ಯರ ಬಳಿ ಓಡಬೇಕೆಂಬುದನ್ನೂ ಬರೆದುಕೊಡಲಾಗಿತ್ತು: ತಣ್ಣನೆಯದು ತೆಗೆದ ಮೇಲೂ ಅರ್ಧ ನಿಮಿಷಕ್ಕಿಂತ ಹೆಚ್ಚು ಉಳಿಯುವ ನೋವು, ತಾನಾಗಿ ರಾತ್ರಿ ಎಬ್ಬಿಸುವ ನೋವು, ಊತ.

ಎಂಟನೇ ವಾರದಲ್ಲಿ ತಂದ ಬ್ರಶ್ಶಿನ ಎಳೆಗಳು ನೆಟ್ಟಗೆ ನಿಂತಿದ್ದವು. ತಕ್ಕಡಿ 170 ತೋರಿಸಿತು. ಟೀ ಹದಿನೈದು ನಿಮಿಷಕ್ಕೆ ಮುಗಿಯುತ್ತಿದೆ, ಪೆಪ್ಪರ್‌ಮಿಂಟು ಇಲ್ಲ. ಸವೆದ ಭಾಗ ಮತ್ತೆ ಬೆಳೆಯುವುದಿಲ್ಲ, ಆಳವಿದ್ದ ಎರಡು ಕಡೆ ವೈದ್ಯರು ತುಂಬಿದ್ದಾರೆ. ತಿಂಗಳ ಕೊನೆಯ ಲೆಕ್ಕದ ಮೂರು ದಿನ ಪೆನ್ನಿನ ಕ್ಯಾಪ್ ಇನ್ನೂ ಬಾಯಿಗೆ ಹೋಗುತ್ತದೆ. ಆ ದಿನಗಳಿಗೆ ಕ್ಯಾಪಿಲ್ಲದ, ಒತ್ತಿದರೆ ಬರೆಯುವ ಪೆನ್ನು ಎಂದು ಮಾತಾಗಿದೆ. ಮುಂದಿನ ಭೇಟಿ ಆ ಮೂರು ದಿನ ಮುಗಿದ ಮಾರನೇ ದಿನಕ್ಕೆ.