ನಾಯಿಯ ಮೂಗಲ್ಲಿ ಜಿಗಣೆ ಇರಬಹುದು, ಹೀಗೆ ತೆಗೆಯಿರಿ

ಮಲೆನಾಡಿನ ಗುಡ್ಡ ಸುತ್ತಿ ಬಂದ ವಾರಕ್ಕೆ ನಾಯಿಗೆ ಸೀನು, ಒಂದೇ ಹೊಳ್ಳೆಯಲ್ಲಿ ರಕ್ತ ಅಂದರೆ ಹಳ್ಳದ ನೀರು ಕುಡಿಯುವಾಗ ಜಿಗಣೆ ಹೊಕ್ಕಿರುವ ಸಾಧ್ಯತೆಯೇ ಹೆಚ್ಚು. (ಕಾಲಿಗೆ ಹತ್ತುವ ಉಂಬಳವಲ್ಲ, ಇದು ನೀರಿನದು.) ಹುಲ್ಲಿನ ಮುಳ್ಳು ಸಿಕ್ಕಿದ್ದರೂ ಹೀಗೇ ಆಗುತ್ತದೆ, ನೋಡದೆ ಖಚಿತವಾಗಿ ಹೇಳಲಾಗದು.

2–3 ಗಂಟೆ ನೀರು ಕೊಡಬೇಡಿ. ಆಮೇಲೆ ಅಗಲ ಬಟ್ಟಲಲ್ಲಿ ತಣ್ಣೀರನ್ನು ಮೂಗಿನ ತುದಿಗೆ ತಾಗುವಂತೆ ಹಿಡಿದು ಹತ್ತು ನಿಮಿಷ ಕಾಯಿರಿ. ಕಪ್ಪು ನೂಲಿನಂತೆ ಇಣುಕುತ್ತದೆ, ಮುಟ್ಟಿದರೆ ಸರ್ರನೆ ಒಳಗೆ. ಒಂದು ಇಂಚು ಹೊರಬಂದ ಮೇಲೆಯೇ ಒಣಬಟ್ಟೆಯಲ್ಲಿ ಹಿಡಿಯಿರಿ, ಬರಿಬೆರಳಿಗೆ ಜಾರುತ್ತದೆ. ಜಗ್ಗಬೇಡಿ, ತುಂಡಾಗುತ್ತದೆ. ಬಿಗಿಯಾಗಿ ಹಿಡಿದಿದ್ದರೆ ತಾನೇ ಕಚ್ಚು ಬಿಡುತ್ತದೆ. ಮೂಗಿಗೆ ಉಪ್ಪುನೀರು, ಹೊಗೆಸೊಪ್ಪಿನ ನೀರು ಹಾಕಲೇಬೇಡಿ.

ಎರಡು ಸಲಕ್ಕೂ ಬಾರದಿದ್ದರೆ ಪಶುವೈದ್ಯರ ಬಳಿ ಹೋಗಿ. ಎರಡೂ ಹೊಳ್ಳೆಯಲ್ಲಿ ರಕ್ತ, ಬಿಳುಚಿದ ವಸಡು, ಜ್ವರ ಕಂಡರೆ ಉಣ್ಣೆ ಕಚ್ಚಿ ಬರುವ ಕಾಯಿಲೆ ಇರಬಹುದು, ಆಗ ಇದನ್ನೆಲ್ಲ ಬಿಟ್ಟು ಅವತ್ತೇ ರಕ್ತಪರೀಕ್ಷೆ ಮಾಡಿಸಿ.